ಒಮ್ಮೆ ಕೈಯಾರೆ ಕಟ್ಟಿ, ಬೀಳಿಸಿ ನೋಡಿ

ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಊರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ‘ಯವ್ವಾ, ನೀ ಈಗ ಇಂಜಿನಿಯರ್ ಆಗೀದಿ. ನಮ್ಮ ಮುಂದಿನ ಖೋಲಿ ಗ್ವಾಡಿ ಒಡದು ಶಟರ್ ಕೂಡಿಸಿ ಒಂದ್ ಮೊಬೈಲ್ ಅಂಗಡಿ ಹಾಕಬೇಕಂತ ಮಾಡೀನಿ. ಆ ಗ್ವಾಡಿ ತಗೀಬಹುದೋ ಬ್ಯಾಡೋ, ಒಮ್ಮೆ ನೋಡಿ ಹೇಳು’ ಎಂದರು.

ಹೋದೆ. ಸುಣ್ಣ ಬಳಿದ ಗೋಡೆ, ಅದರ ಮೇಲೊಂದು ಕ್ಯಾಲೆಂಡರು. ಸಿನಿಮಾದ ಡಾಕ್ಟರು ಎದೆ ಬಡಿದು ನೋಡುವಂತೆ ನಾನೂ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ಬಡಿದೆ. ತಲೆಯಲ್ಲಿ ಡಬ್ಲ್ಯೂ ಎಲ್ ಸ್ಕ್ವೇರ್ ಬೈ ಎಂಟು ತಿರುಗುತ್ತಿತ್ತು. ಪರೀಕ್ಷೆಯಲ್ಲಾದರೆ ಬೀಮಿನ ಉದ್ದ ಇಷ್ಟು, ಮೀಟರಿಗೆ ಭಾರ ಇಷ್ಟು ಎಂದು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಇಲ್ಲಿ ಗೋಡೆ ಮಾತ್ರ ಇತ್ತು, ಪ್ರಶ್ನೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ. ‘ಒಂದು ಬೀಮ್ ಕೊಡಬೇಕಾಗ್ತದ ಕಾಕಾ’ ಎಂದೆ. ‘ಎಷ್ಟು ದಪ್ಪಂದು?’ ಎಂದರು. ‘ಲೆಕ್ಕ ಮಾಡಿ ಹೇಳ್ತೀನಿ’ ಎಂದು ಮನೆಗೆ ಬಂದುಬಿಟ್ಟೆ.

ಸಂಜೆ ಅಪ್ಪ ಕೆಲಸದಿಂದ ಬಂದ. ಅಪ್ಪ ಗೌಂಡಿ, ಮೂವತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದಾನೆ. ಕಾಕಾನ ಮನೆಗೆ ಹೋದವನು ಗೋಡೆಯ ಕಡೆ ನೋಡಲೇ ಇಲ್ಲ, ನೇರವಾಗಿ ಮಾಳಿಗೆ ನೋಡಿದ. ಕಬ್ಬಿಣದ ಗರ್ಡರು, ಅದರ ಮೇಲೆ ಫರ್ಸಿ ಕಲ್ಲು ಹಾಸಿದ ಹಳೆಯ ಮನೆ. ‘ಗರ್ಡರಿನ ತುದಿ ಎಲ್ಲಾ ಇದೇ ಗ್ವಾಡಿ ಮ್ಯಾಲ ಕುಂತಾವ. ಇದನ್ನ ತಗದ್ರ ಮಾಳಗಿ ನಿನ್ನ ನೆತ್ತಿ ಮ್ಯಾಲ ಬರ್ತದ. ತಗಿಯೂದೇ ಆದ್ರ ಆ ಬಾಜೂದು ತಗಿ, ಅದ್ರ ಮ್ಯಾಲ ಅದರದ್ದೇ ಭಾರ ಅದ. ಅದಕ್ಕೂ ಮೊದಲ ಲಿಂಟಲ್ ಕೂಡಿಸಿ ಆಮ್ಯಾಲ ಒಡೀಬೇಕು’ ಎಂದ. ಅರ್ಧ ನಿಮಿಷದ ಮಾತು. ಗರ್ಡರು ಯಾವ ದಿಕ್ಕಿಗೆ ಹಾಸಿವೆ ಎಂದು ತಲೆ ಎತ್ತಿ ನೋಡಬೇಕೆಂಬುದು, ನಾಲ್ಕು ವರ್ಷ ಓದಿದ ನನಗೆ ಹೊಳೆದಿರಲಿಲ್ಲ.

ಇದನ್ನು ಅಪ್ಪನನ್ನು ಹೊಗಳಲೋ ನನ್ನನ್ನು ತೆಗಳಿಕೊಳ್ಳಲೋ ಬರೆಯುತ್ತಿಲ್ಲ. ನನಗೆ ಬಂದ ಅಂಕಗಳು ಸುಳ್ಳಲ್ಲ, ಕಷ್ಟಪಟ್ಟೇ ಓದಿದ್ದೆ. ಆದರೆ ಆ ನಾಲ್ಕು ವರ್ಷಗಳಲ್ಲಿ ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆಯನ್ನು ನಾನು ಒಮ್ಮೆಯೂ ಇಟ್ಟಿರಲಿಲ್ಲ. ನನ್ನ ತರಗತಿಯಲ್ಲಿ ಯಾರೂ ಇಟ್ಟಿರಲಿಲ್ಲ. ಲ್ಯಾಬಿನಲ್ಲಿ ಒಂದು ಮಷಿನಿನ ಸುತ್ತ ಇಪ್ಪತ್ತು ಜನ ನಿಲ್ಲುತ್ತಿದ್ದೆವು. ಒಬ್ಬ ಹಿಡಿ ತಿರುಗಿಸುತ್ತಿದ್ದ, ಒಬ್ಬಳು ಮುಳ್ಳು ಓದುತ್ತಿದ್ದಳು, ಉಳಿದ ಹದಿನೆಂಟು ಮಂದಿ ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಇಟ್ಟಿಗೆ ಒಡೆದ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲಿಂದ ಸೀಳಿತು, ಯಾವ ಕಡೆಗೆ ಸೀಳಿತು ಎಂದು ಬಗ್ಗಿ ನೋಡಿದವರಿಲ್ಲ, ಏಕೆಂದರೆ ಅದಕ್ಕೆ ಅಬ್ಸರ್ವೇಶನ್ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಮನೆಯಲ್ಲಿ ಕಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪ ಬಿಡುತ್ತಿರಲಿಲ್ಲ. ಸಣ್ಣವಳಿದ್ದಾಗ ಕರಣೆ ಮುಟ್ಟಿದರೆ ಕಸಿದು ಚೀಲಕ್ಕೆ ಹಾಕುತ್ತಿದ್ದ. ‘ನಾ ಇದನ್ನ ಹಿಡದದ್ದು ನೀ ಹಿಡೀಬಾರದು ಅಂತ’ ಎಂದು ಒಂದೇ ಸಲ ಹೇಳಿದ್ದ. ಸಿಮೆಂಟಿನಲ್ಲಿ ಬಿರಿದ ಅವನ ಬೆರಳು ನೋಡಿದವರಿಗೆ ಆ ಮಾತು ತಪ್ಪು ಎನ್ನಿಸುವುದಿಲ್ಲ. ಕಾಲೇಜು ನನ್ನ ಕೈಗೆ ಇಟ್ಟಿಗೆ ಕೊಡದಿದ್ದುದಕ್ಕೆ ಮಾತ್ರ ಅಂಥ ಯಾವ ಕಾರಣವೂ ಇರಲಿಲ್ಲ.

ಕಾಕಾನ ಗೋಡೆಯ ಮುಂದೆ ಆದ ಅವಮಾನದ ಮಾರನೇ ವಾರ ಮಾಳಿಗೆಯ ಮೇಲೆ ಹೋಗಿ ಕುಳಿತೆ. ನಿಜವಾದ ಇಟ್ಟಿಗೆ ಹೊತ್ತು ಮೇಲೆ ತರುವುದು ಕಷ್ಟ; ಒಂದು ಮೂರು ಕೆ.ಜಿ. ಹತ್ತಿರ ತೂಗುತ್ತದೆ. ಅದಕ್ಕೆ ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನೇ ಅಚ್ಚು ಮಾಡಿಕೊಂಡೆ. ಒಳಗೆ ಸಣ್ಣ ಮರಳು ಉದುರಿಸಿ, ಹದವಾಗಿ ನಾದಿದ ಮಣ್ಣು ಒತ್ತಿ, ತಿರುವಿ ಬಡಿದರೆ ಇಟ್ಟಿಗೆ ಬೀಳುತ್ತದೆ. ಭಟ್ಟಿಯಲ್ಲಿ ಮಾಡುವುದೂ ಇಷ್ಟೇ, ಅಲ್ಲಿ ಮರದ ಅಚ್ಚು. ನಾಲ್ಕು ದಿನ ನೆರಳಲ್ಲಿ ಒಣಗಿಸಿದೆ. ಸುಡುವುದು ಬೇಕಿಲ್ಲ. ಬಿಸಿಲಿಗೆ ಇಟ್ಟ ಮೊದಲ ಇಪ್ಪತ್ತು ಬಿರುಕು ಬಿಟ್ಟು ಹಾಳಾದವು, ಅದನ್ನೂ ಹೇಳಿಬಿಡುತ್ತೇನೆ. ಒಟ್ಟು ನೂರಾ ಇಪ್ಪತ್ತು ಇಟ್ಟಿಗೆ ಆದವು. ಖರ್ಚು ಸೊನ್ನೆ.

ಮೊದಲು ಮಾಡಿದ್ದು ಕಾಕಾನ ಗೋಡೆಯನ್ನೇ. ಗಾರೆ ಹಾಕದೆ ಇಟ್ಟಿಗೆಗಳನ್ನು ಸುಮ್ಮನೆ ಒಂದರ ಮೇಲೊಂದು, ಸಂದಿಗೆ ಸರಿಯಾಗಿ ಸಂದಿ ಬರುವಂತೆ ಪೇರಿಸಿದೆ. ಕೆಳಗಿನ ಸಾಲಿನಿಂದ ಒಂದು ಇಟ್ಟಿಗೆ ಎಳೆದೆ. ಅದರ ಮೇಲಿನ ಇಡೀ ಕಂಬ ನೆಟ್ಟಗೆ ಕೆಳಗಿಳಿಯಿತು. ಮತ್ತೆ ಕಟ್ಟಿದೆ, ಈ ಸಲ ಗೌಂಡಿಗಳು ಕಟ್ಟುವ ಹಾಗೆ ಸಂದು ತಪ್ಪಿಸಿ, ಪ್ರತಿ ಇಟ್ಟಿಗೆಯೂ ಕೆಳಗಿನ ಎರಡರ ಮೇಲೆ ಕೂರುವಂತೆ. ಮತ್ತೆ ಒಂದು ಎಳೆದೆ. ಏನೂ ಆಗಲಿಲ್ಲ. ಪಕ್ಕದಲ್ಲಿ ಇನ್ನೊಂದು, ಮತ್ತೊಂದು ಎಳೆದಾಗ ಮೇಲಿನವು ನಾಲ್ಕಾರು ಉದುರಿ ನಿಂತವು. ಉಳಿದ ಗೋಡೆ ಹಾಗೇ ನಿಂತಿತ್ತು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಕಿರಿದಾಗುತ್ತ ಹೋದ ತ್ರಿಕೋನದ ತೂತು.

ನಾನು ಆ ತ್ರಿಕೋನವನ್ನು ಎಷ್ಟೋ ಸಲ ಬರೆದಿದ್ದೆ! ಲಿಂಟಲ್ ಡಿಸೈನ್ ಮಾಡುವಾಗ ಅದರ ಮೇಲೆ ಅರವತ್ತು ಡಿಗ್ರಿಯ ತ್ರಿಕೋನ ಎಳೆದು, ಅಷ್ಟರೊಳಗಿನ ಗೋಡೆಯ ಭಾರ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಯಾಕೆ ಎಂದು ನಾನು ಕೇಳಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಮೇಲಿನ ಗೋಡೆ ತನ್ನೊಳಗೇ ಒಂದು ಕಮಾನು ಮಾಡಿಕೊಂಡು ಭಾರವನ್ನು ಎರಡೂ ಬದಿಗೆ ದಾಟಿಸುತ್ತದೆ, ಅದಕ್ಕೆ. ಬದಿಯಲ್ಲಿ ಸಾಕಷ್ಟು ಗೋಡೆ ಇಲ್ಲದಿದ್ದರೆ, ಅಥವಾ ಆ ತ್ರಿಕೋನದ ಒಳಗೇ ಗರ್ಡರಿನ ತುದಿ ಬಂದು ಕೂತಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಪ್ಪ ಮಾಳಿಗೆ ನೋಡಿದ್ದು ಇದಕ್ಕೇ.

ಇಲ್ಲಿಂದ ಮುಂದೆ ಹುಚ್ಚು ಹಿಡಿಯಿತು.

ಇಟ್ಟಿಗೆ ಒತ್ತಡಕ್ಕೆ ಎಷ್ಟು ಗಟ್ಟಿ ಎಂಬುದನ್ನು ಒಮ್ಮೆ ಅಂಕಿಯಲ್ಲಿ ನೋಡಿ. ಭಾರತೀಯ ಮಾನಕದಲ್ಲಿ ಇಟ್ಟಿಗೆಯ ಅತಿ ಕೆಳಗಿನ ದರ್ಜೆ ಚದರ ಮಿ.ಮೀ.ಗೆ 3.5 ನ್ಯೂಟನ್. ಒಂಬತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಅಂಥ ಒಂದು ಇಟ್ಟಿಗೆ ಮಲಗಿಸಿಟ್ಟರೆ ಸುಮಾರು 9 ಟನ್ ತಾಳುತ್ತದೆ. ಎರಡು ಆನೆಗಳ ಭಾರ ಎನ್ನಿ. ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿದರೆ, ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸುತ್ತ ಹೋದರೆ ತನ್ನದೇ ಭಾರಕ್ಕೆ ತಳದ ಇಟ್ಟಿಗೆ ಪುಡಿಯಾಗಲು ಹೆಚ್ಚು ಕಡಿಮೆ 200 ಮೀಟರ್ ಎತ್ತರ ಬೇಕು. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ನಿಜವಾದ ಗೋಡೆಯಲ್ಲಿ ಗಾರೆ ಇರುತ್ತದೆ, ಅದು ಇಟ್ಟಿಗೆಗಿಂತ ಮೆತ್ತಗೆ. ಗೋಡೆ ತೆಳ್ಳಗಿದ್ದರೆ ಪುಡಿಯಾಗುವುದಕ್ಕೂ ಮೊದಲೇ ಬಾಗಿ ಬೀಳುತ್ತದೆ. ಹಾಗಾಗಿ 200 ಮೀಟರ್ ಯಾರೂ ಕಟ್ಟುವುದಿಲ್ಲ. ಶಿಕಾಗೋದಲ್ಲಿ 1891ರಲ್ಲಿ ಮೊನಾಡ್ನಾಕ್ ಎಂಬ ಹದಿನಾರು ಮಹಡಿಯ ಕಟ್ಟಡವನ್ನು ಭಾರ ಹೊರುವ ಇಟ್ಟಿಗೆ ಗೋಡೆಯಿಂದಲೇ ಎಬ್ಬಿಸಿದಾಗ ತಳದಲ್ಲಿ ಗೋಡೆ ಆರು ಅಡಿ ದಪ್ಪ ಮಾಡಬೇಕಾಯಿತು. ಆದರೂ ವಿಷಯ ತಿಳಿಯಿತಲ್ಲ: ಹಳೆಯ ಇಟ್ಟಿಗೆ ಕಟ್ಟಡಗಳು ಬೀಳುವುದು ಇಟ್ಟಿಗೆ ಪುಡಿಯಾಗಿ ಅಲ್ಲ. ಭಾರ ಹೋಗಬೇಕಾದ ದಾರಿ ಇಟ್ಟಿಗೆಯ ಒಳಗಿಂದ ಹೊರಗೆ ತಪ್ಪಿದಾಗ ಬೀಳುತ್ತವೆ. ಇಟ್ಟಿಗೆಗೆ ಒತ್ತಿಸಿಕೊಳ್ಳುವುದು ಗೊತ್ತು, ಎಳೆಸಿಕೊಳ್ಳುವುದು ಗೊತ್ತಿಲ್ಲ. ನಮ್ಮ ಹಾಗೇ ಅದಕ್ಕೂ ಟೆನ್ಶನ್ ಆಗಿಬರುವುದಿಲ್ಲ.

ಬೇಕಾದರೆ ಈಗಲೇ ನೋಡಿ, ಇಟ್ಟಿಗೆಯೂ ಬೇಡ. ಒಂದೇ ಅಳತೆಯ ಎಂಟು ಹತ್ತು ನೋಟ್‌ಬುಕ್ಕುಗಳನ್ನು ಸಾಲಾಗಿ ನಿಲ್ಲಿಸಿ, ಎರಡೂ ತುದಿಯಿಂದ ಅಂಗೈಯಲ್ಲಿ ಗಟ್ಟಿಯಾಗಿ ಅದುಮಿ ಮೇಲೆತ್ತಿ. ಇಡೀ ಸಾಲು ತೊಲೆಯ ಹಾಗೆ ಎದ್ದು ಬರುತ್ತದೆ. ಅಂಗೈಯನ್ನು ಪುಸ್ತಕದ ಮೇಲಿನ ಅಂಚಿನ ಹತ್ತಿರ ಇಟ್ಟು ಅದುಮಿದರೆ ಕೆಳಗೆ ಬಾಯಿಬಿಟ್ಟು ಉದುರುತ್ತವೆ, ನಡುವಿಗಿಂತ ಸ್ವಲ್ಪ ಕೆಳಗೆ ಅದುಮಿದರೆ ಗಟ್ಟಿ ನಿಲ್ಲುತ್ತವೆ. ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಎಂಬ ಇಡೀ ಒಂದು ಸೆಮಿಸ್ಟರಿನ ಪೇಪರಿನ ಮೊದಲ ಪಾಠ ಇದು.

ಮಿಡಲ್ ಥರ್ಡ್ ಎಂಬ ನಿಯಮವೊಂದಿದೆ. ಭಾರ ತಳದ ಅಗಲದ ಮಧ್ಯದ ಮೂರನೇ ಒಂದು ಭಾಗದೊಳಗೆ ಇಳಿದರೆ ಎಲ್ಲ ಕಡೆಯೂ ಒತ್ತಡವೇ ಇರುತ್ತದೆ. ಅದರಾಚೆ ಸರಿದರೆ ಎದುರು ಅಂಚು ಎಳೆತಕ್ಕೆ ಸಿಕ್ಕಿ ಬಾಯಿಬಿಡುತ್ತದೆ. ನಾನು ಇದನ್ನು ಬಾಯಿಪಾಠ ಮಾಡಿದ್ದೆ. ಪಾತ್ರೆ ತೊಳೆಯುವ ಸ್ಪಂಜಿನ ಮೇಲೆ ಒಂದು ಮಣ್ಣಿನ ಇಟ್ಟಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತ, ಬೆರಳನ್ನು ನಡುವಿನಿಂದ ಅಂಚಿಗೆ ಸರಿಸಿದೆ. ಮೂರನೇ ಭಾಗದ ಗೆರೆ ದಾಟಿದ್ದೇ ತಡ, ಆಚೆಯ ಅಂಚು ಸ್ಪಂಜಿನಿಂದ ಮೇಲೆದ್ದಿತು. ಹಿಂದೆ ನಿಂತು ನೋಡುತ್ತಿದ್ದ ಅವ್ವ ನಕ್ಕಳು. ಮದುವೆಯಾದ ಹೊಸತರಲ್ಲಿ ಅವಳೂ ಅಪ್ಪನ ಜತೆ ಕೆಲಸಕ್ಕೆ ಹೋಗುತ್ತಿದ್ದಳು. ತಲೆಯ ಮೇಲೆ ಹನ್ನೆರಡು ಇಟ್ಟಂಗಿ ಹೊತ್ತು ಏಣಿ ಹತ್ತುತ್ತಿದ್ದಳು. ‘ಕುತಗಿ ನೆಟ್ಟಗ ಇದ್ರ ಭಾರ ಗೊತ್ತಾಗೂದಿಲ್ಲ, ಚೂರ್ ವಾಲಿದ್ರ ಜೀವಾ ಹೋಗ್ತದ’ ಎಂದಳು. ಕಟ್ಟಡದ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಸಿಗುವುದು ಹೊರುವ ಕೆಲಸ, ಕರಣೆ ಸಿಗುವುದಿಲ್ಲ. ಆದರೆ ಕಂಪ್ರೆಶನ್ ಎಂದರೇನೆಂದು ನನ್ನ ಮೇಷ್ಟ್ರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಮತ್ತು ಇಟ್ಟಿಗೆಯ ನಡುವೆ ಇಟ್ಟುಕೊಳ್ಳುತ್ತಿದ್ದ ಬಟ್ಟೆಯ ಸಿಂಬಿ ಇದೆಯಲ್ಲ, ಗರ್ಡರಿನ ತುದಿಯ ಕೆಳಗೆ ಗೋಡೆಯಲ್ಲಿ ಕೂರಿಸುವ ಕಲ್ಲಿನ ದಿಂಬೂ ಅದೇ ಕೆಲಸ ಮಾಡುತ್ತದೆ, ಭಾರವನ್ನು ಒಂದೇ ಕಡೆ ಚುಚ್ಚಲು ಬಿಡದೆ ಹರಡುತ್ತದೆ.

ಕಮಾನಿಗೆ ಬಂದಾಗ ಮೂರು ದಿನ ಸೋತೆ. ರಟ್ಟಿನಲ್ಲಿ 40 ಸೆಂ.ಮೀ. ಅಗಲದ ಅರ್ಧವೃತ್ತ ಕತ್ತರಿಸಿ ಅದನ್ನೇ ಸೆಂಟ್ರಿಂಗ್ ಮಾಡಿಕೊಂಡೆ. ಇಟ್ಟಿಗೆಗಳನ್ನು ಅದರ ಮೇಲೆ ಮಲಗಿಸಿ, ಸಂದಿಗೆ ಸ್ವಲ್ಪ ಮಣ್ಣು ಮೆತ್ತಿ ಕಟ್ಟಿದೆ. ದಪ್ಪ ಒಂದೂವರೆ ಸೆಂ.ಮೀ. ರಟ್ಟು ತೆಗೆದೊಡನೆ ಬಿತ್ತು. ಮತ್ತೆ ಕಟ್ಟಿದೆ, ಮತ್ತೆ ಬಿತ್ತು. ಮಣ್ಣಿನ ದೋಷ ಎಂದುಕೊಂಡು ಗೋಧಿ ಹಿಟ್ಟಿನ ಅಂಟು ಬೆರೆಸಿ ನೋಡಿದೆ, ಇರುವೆ ಬಂದವು. ಕೊನೆಗೆ ಇಟ್ಟಿಗೆಗಳನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸಿ, ದಪ್ಪ ಮೂರೂವರೆ ಸೆಂ.ಮೀ. ಬರುವಂತೆ ನಲವತ್ತಕ್ಕೂ ಹೆಚ್ಚು ಇಟ್ಟಿಗೆ ಹಾಕಿ ಕಟ್ಟಿದೆ. ನಿಂತಿತು. ಅಂಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅರ್ಧವೃತ್ತದ ಕಮಾನು ತನ್ನ ಭಾರದಲ್ಲಿ ತಾನು ನಿಲ್ಲಬೇಕಾದರೆ ಅದರ ದಪ್ಪ ತ್ರಿಜ್ಯದ ಹತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚಾದರೂ ಇರಬೇಕು. 20 ಸೆಂ.ಮೀ. ತ್ರಿಜ್ಯಕ್ಕೆ ಎರಡು ಸೆಂ.ಮೀ. ಮೇಲೆ ಬೇಕಿತ್ತು, ನಾನು ಕೊಟ್ಟಿದ್ದು ಒಂದೂವರೆ.

ಹಾಗಾದರೆ ತೆಳ್ಳಗಿನ ಕಮಾನು ಆಗುವುದೇ ಇಲ್ಲವೇ? ಆಗುತ್ತದೆ, ಆಕಾರ ಬದಲಿಸಿದರೆ. ಹಳೆಯ ತೊಟ್ಟಿಲ ಸರಪಳಿಯನ್ನು ಗೋಡೆಯ ಮೇಲೆ ಎರಡು ಮೊಳೆಗೆ ಇಳಿಬಿಟ್ಟು, ಅದು ತೂಗಿದ ಗೆರೆಯನ್ನು ರಟ್ಟಿಗೆ ಇಳಿಸಿ, ರಟ್ಟನ್ನು ತಲೆಕೆಳಗು ಮಾಡಿ ಅದರ ಮೇಲೆ ಕಟ್ಟಿದೆ. ಮೊದಲು ಬಿದ್ದಿದ್ದ ಅದೇ ಒಂದೂವರೆ ಸೆಂ.ಮೀ. ದಪ್ಪ ಈಗ ನಿಂತಿತು. ಇಳಿಬಿಟ್ಟ ಸರಪಳಿಯಲ್ಲಿ ಎಲ್ಲೆಲ್ಲೂ ಎಳೆತ ಮಾತ್ರ ಇರುತ್ತದೆ. ತಲೆಕೆಳಗಾದರೆ ಎಲ್ಲೆಲ್ಲೂ ಒತ್ತಡ ಮಾತ್ರ. ಇದನ್ನು ಮೊದಲು ಹೇಳಿದವನು ನಮಗೆಲ್ಲ ಸ್ಪ್ರಿಂಗಿನ ನಿಯಮದಿಂದ ಗೊತ್ತಿರುವ ರಾಬರ್ಟ್ ಹುಕ್. 1675ರಲ್ಲಿ, ಬೇರೆಯವರು ಕದಿಯದಿರಲಿ ಎಂದೋ ಏನೋ, ಅಕ್ಷರಗಳನ್ನು ಚದುರಿಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ್ದ. ಒಗಟು ಬಿಡಿಸಿದ್ದು ಅವನು ಸತ್ತ ಮೇಲೆ. ಸ್ಪೇನಿನ ಗೌಡಿ ಎಂಬ ವಾಸ್ತುಶಿಲ್ಪಿಯಂತೂ ಬಾರ್ಸಿಲೋನಾ ಹತ್ತಿರದ ಒಂದು ಚರ್ಚಿಗಾಗಿ ದಾರಗಳಿಗೆ ಸೀಸದ ಗುಂಡುಗಳ ಪುಟ್ಟ ಚೀಲ ಕಟ್ಟಿ ಇಳಿಬಿಟ್ಟು, ಫೋಟೊ ತೆಗೆದು, ಫೋಟೊವನ್ನೇ ತಲೆಕೆಳಗು ಹಿಡಿದು ಕಟ್ಟಡದ ಆಕಾರ ನೋಡುತ್ತಿದ್ದ.

ನಿಂತ ಕಮಾನನ್ನು ಬೀಳಿಸುವುದರಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಕಲಿಯುತ್ತೇವೆ. ಎರಡೂ ಬದಿಗೆ ಒತ್ತುಕೊಟ್ಟ ಇಟ್ಟಿಗೆಗಳನ್ನು ಕೂದಲೆಳೆಯಷ್ಟು ಹೊರಗೆ ಸರಿಸಿದೆ. ನೆತ್ತಿ ಇಳಿಯಿತು, ಅಲ್ಲಿ ಸಂದಿ ಕೆಳಗಿನಿಂದ ಬಾಯಿಬಿಟ್ಟಿತು. ಎರಡೂ ಹೆಗಲಲ್ಲಿ ಹೊರಗಿನಿಂದ ಬಾಯಿಬಿಟ್ಟಿತು. ಹಳೆಯ ಬಾಗಿಲ ಕಮಾನಿನ ನೆತ್ತಿಯ ಅಡಿಯಲ್ಲಿ ಬಿರುಕು ಕಂಡರೆ, ಬದಿಯ ಆಧಾರ ದೂರ ಸರಿದಿರಬಹುದೇ ಎಂದು ಮೊದಲು ನೋಡಬೇಕೆನ್ನುವುದು ಅಂದಿನಿಂದ ಮರೆತಿಲ್ಲ. ನೆತ್ತಿಯ ಮೇಲೆ ತೂಕದ ಕಲ್ಲು ಇಟ್ಟರೆ ತಡೆಯುತ್ತಿದ್ದ ಕಮಾನು, ಅದೇ ಕಲ್ಲನ್ನು ಒಂದು ಹೆಗಲ ಮೇಲೆ ಇಟ್ಟಾಗ ಕುಸಿಯಿತು. ಹೆಗಲಿನ ಹಿಂದೆ ಮರಳು ತುಂಬಿ ಒತ್ತಿದ ಮೇಲೆ ಅದೇ ಕಲ್ಲನ್ನು ಹೊತ್ತಿತು. ಹಳೆಯ ಸೇತುವೆಗಳ ಕಮಾನಿನ ಮೇಲೆ ಅಷ್ಟೊಂದು ಮಣ್ಣು ಕಲ್ಲು ಯಾಕೆ ತುಂಬಿರುತ್ತಾರೆ, ಸುಮ್ಮನೆ ಭಾರವಲ್ಲವೇ ಎಂದು ನಾನು ಒಮ್ಮೆ ಬುದ್ಧಿವಂತಳಂತೆ ಕೇಳಿದ್ದೆ.

ಗೋಳಗುಮ್ಮಟಕ್ಕೆ ಶಾಲೆಯಿಂದ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಮೇಲೆ ಹತ್ತಿ, ಕೂಗಿ, ನಮ್ಮ ಕೂಗು ಎಷ್ಟು ಸಲ ವಾಪಸು ಬಂತೆಂದು ಎಣಿಸಿ, ಇಳಿದು ಬಂದಿದ್ದೇವೆ. ಈ ಸಲ ಒಬ್ಬಳೇ ಹೋಗಿ ಕೆಳಗೇ ನಿಂತು ನೋಡಿದೆ. ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ವ್ಯಾಸದ, ಮೂರು ಮೀಟರಿನಷ್ಟು ದಪ್ಪದ ಗುಮ್ಮಟ, ನಡುವೆ ಒಂದು ಕಂಬವಿಲ್ಲ. ಗುಮ್ಮಟ ಎಂದರೆ ಸುತ್ತಲೂ ಹೊರಕ್ಕೆ ತಳ್ಳುವ ಕಮಾನು. ಅದರ ಕೆಳಗೆ ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ದುಂಡಗಿನ ತಳಕ್ಕೆ ತಂದು ನಿಲ್ಲಿಸುತ್ತವೆ. ಅವುಗಳ ಭಾರ ಒಳಕ್ಕೆ ಚಾಚಿಕೊಂಡಿರುವುದರಿಂದ ಗುಮ್ಮಟದ ಹೊರದೂಡನ್ನು ಅದು ಎಳೆದು ಹಿಡಿದಂತಾಗುತ್ತದೆ ಎಂದು ವಿವರಿಸುತ್ತಾರೆ. ಬೆಂಕಿಪೊಟ್ಟಣದ ಕಮಾನಿನ ಬುಡ ಜಾರುವುದನ್ನು ಕಣ್ಣಾರೆ ನೋಡಿದ್ದರಿಂದ ಆ ಮಾತು ನನಗೆ ಕಥೆಯ ಹಾಗೆ ಕೇಳಿಸಲಿಲ್ಲ. 1656ರಲ್ಲಿ ಮುಗಿದ ಈ ಕಟ್ಟಡದ ಗೌಂಡಿಗಳ ಬಳಿ ಕ್ಯಾಲ್ಕ್ಯುಲೇಟರ್ ಇರಲಿಲ್ಲ. ಇದೇ ಸೀಮೆಯಲ್ಲಿ, ಅದಕ್ಕೂ ಸಾವಿರ ವರ್ಷದ ಹಿಂದೆ ಚಾಲುಕ್ಯರು ಬಾದಾಮಿ, ಐಹೊಳೆಗಳಲ್ಲಿ ಕಮಾನು ಇಲ್ಲದೆ ಕಲ್ಲಿನ ತೊಲೆ ಹಾಸಿ ಕಟ್ಟುತ್ತಿದ್ದರು. ಕಲ್ಲಿನ ತೊಲೆ ಅಡಿಯಿಂದ ಬಿರಿಯುತ್ತದೆ, ಅದಕ್ಕೇ ಅಲ್ಲಿನ ಗುಡಿಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿವೆ.

ಆಟಿಕೆಯಲ್ಲಿ ಕಲಿತದ್ದು ನಿಜವಾದ ಕಟ್ಟಡಕ್ಕೆ ಹೊಂದುತ್ತದೆಯೇ ಎಂದು ಒಬ್ಬ ಗೆಳೆಯ ವಾದ ಮಾಡಿದ. ನ್ಯಾಯವಾದ ಪ್ರಶ್ನೆ. ಎಲ್ಲ ಅಳತೆಯನ್ನೂ ಎರಡರಷ್ಟು ಮಾಡಿದರೆ ಭಾರ ಎಂಟರಷ್ಟಾಗುತ್ತದೆ, ಅದನ್ನು ಹೊರುವ ಅಡ್ಡಕೊಯ್ತ ಬರೀ ನಾಲ್ಕರಷ್ಟಾಗುತ್ತದೆ. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿದ್ದಾನೆ. ಐಸ್‌ಕ್ರೀಮ್ ಕಡ್ಡಿಯ ಸೇತುವೆ ಸ್ಪರ್ಧೆಯಲ್ಲಿ ಗೆದ್ದ ಮಾದರಿ ದೊಡ್ಡದಾದರೆ ನಿಲ್ಲುತ್ತದೆ ಎಂದು ಹೇಳಲಾಗದು. ಆದರೆ ಇಟ್ಟಿಗೆ, ಕಲ್ಲಿನ ಕಟ್ಟಡಗಳಲ್ಲಿ ಒತ್ತಡ ಇಟ್ಟಿಗೆಯ ಶಕ್ತಿಯ ಸಣ್ಣ ಪಾಲು ಮಾತ್ರ. ಹಾಗಾಗಿ ನಿಲ್ಲುವುದು ಬೀಳುವುದು ಬಹುಪಾಲು ಆಕಾರದ ಪ್ರಶ್ನೆ, ಆಕಾರಕ್ಕೆ ಸಣ್ಣದು ದೊಡ್ಡದು ಎಂಬುದಿಲ್ಲ. ಕೇಂಬ್ರಿಜ್‌ನ ಜಾಕ್ ಹೇಮನ್ 1966ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಅದಕ್ಕೂ ಬಹಳ ಮೊದಲು, 1418ರಲ್ಲಿ, ಫ್ಲಾರೆನ್ಸ್ ನಗರದ ದೊಡ್ಡ ಚರ್ಚಿನ ಗುಮ್ಮಟಕ್ಕೆ ಸ್ಪರ್ಧೆ ಕರೆದಾಗ ಬ್ರುನೆಲೆಸ್ಕಿ ಸೆಂಟ್ರಿಂಗ್ ಇಲ್ಲದೆ ಇಟ್ಟಿಗೆಯಲ್ಲೇ ಮಾದರಿ ಕಟ್ಟಿ ತೋರಿಸಿದ್ದ. ಗುಮ್ಮಟ ಇಂದಿಗೂ ನಿಂತಿದೆ.

ಮಾದರಿ ಹೇಳದ ಸಂಗತಿಗಳೂ ಇವೆ, ಅದನ್ನು ಮುಚ್ಚಿಡಬಾರದು. ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದನ್ನು ಮಾಳಿಗೆಯ ಮೇಲಿನ ಆಟ ತೋರಿಸಲಾರದು. ಇನ್ನು ಭೂಕಂಪ. ಇಟ್ಟಿಗೆ ಮನೆಯ ಮಾದರಿಯನ್ನು ಹಲಗೆಯ ಮೇಲೆ ಕಟ್ಟಿ ಹಲಗೆಯನ್ನು ಅಲುಗಾಡಿಸಿದೆ. ಅಷ್ಟು ಭಾರ ಹೊತ್ತ ಗೋಡೆ ಕ್ಷಣದಲ್ಲಿ ಮಗುಚಿತು. 1993ರಲ್ಲಿ ನಮ್ಮ ನೆರೆಯ ಲಾತೂರು ಸೀಮೆಯಲ್ಲಿ ಮಣ್ಣು ಕಲ್ಲಿನ ಮನೆಗಳು ಹೀಗೇ ಮಗುಚಿ ಸಾವಿರಾರು ಜನ ಸತ್ತರು. ಎರಡನೇ ಸಲ ಬಾಗಿಲಿನ ಮೇಲ್ಭಾಗದಲ್ಲಿ ಮನೆಯ ಸುತ್ತ ಒಂದು ದಾರ ಬಿಗಿದು ಅಲುಗಾಡಿಸಿದೆ. ಬಿರುಕು ಬಿಟ್ಟಿತು, ಬೀಳಲಿಲ್ಲ. ಲಿಂಟಲ್ ಮಟ್ಟದಲ್ಲಿ ಮನೆ ಸುತ್ತ ಬ್ಯಾಂಡ್ ಹಾಕಿ ಎಂದು ಭೂಕಂಪದ ಕೋಡ್ ಹೇಳುವುದು ಈ ದಾರವನ್ನೇ. ಖರ್ಚು ಉಳಿಸಲು ಮನೆ ಮಾಲೀಕರು ಮೊದಲು ಕೈಬಿಡುವುದೂ ಅದನ್ನೇ ಎನ್ನುತ್ತಾನೆ ಅಪ್ಪ.

‘ಈಗ ಎಲ್ಲಾ ಆರ್‌ಸಿಸಿ, ಇಟ್ಟಿಗೆ ಬರೀ ನಡುವೆ ತುಂಬೋಕೆ. ಲೋಡು ನೋಡೋಕೆ ಸಾಫ್ಟ್‌ವೇರ್ ಇದೆ’ ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಸಜ್ಜಾದಲ್ಲಿ ಕಬ್ಬಿಣ ಮೇಲೆ ಬರಬೇಕೋ ಕೆಳಗೋ? ಕಾಂಕ್ರೀಟೂ ಇಟ್ಟಿಗೆಯ ಜಾತಿಯದೇ, ಎಳೆತಕ್ಕೆ ಬಗ್ಗದು. ಇಟ್ಟಿಗೆಯಾದರೆ ಎಲ್ಲಿ ಬಾಯಿಬಿಡುತ್ತಿತ್ತೋ ಅಲ್ಲಿ ಕಬ್ಬಿಣ ಬೇಕು. ಎರಡೂ ತುದಿಗೆ ಆಧಾರವಿರುವ ಬೀಮಿಗೆ ಅಡಿಯಲ್ಲಿ, ಗೋಡೆಯಿಂದ ಚಾಚಿದ ಸಜ್ಜಾಕ್ಕೆ ಮೇಲೆ. ಕಾಂಕ್ರೀಟ್ ಹಾಕುವ ಗಡಿಬಿಡಿಯಲ್ಲಿ ಕೂಲಿಗಳು ಮೇಲಿನ ಕಬ್ಬಿಣವನ್ನು ತುಳಿದು ಕೆಳಗಿಳಿಸಿದರೆ, ಸೆಂಟ್ರಿಂಗ್ ಬಿಚ್ಚಿದ ದಿನ ಸಜ್ಜಾ ಕೆಳಗೆ ನಿಂತವನ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಸೈಟಿನಲ್ಲಿ ಲ್ಯಾಪ್‌ಟಾಪ್ ಇರುವುದಿಲ್ಲ, ಟ್ರೇನಿ ಇಂಜಿನಿಯರ್ ಆಗಿ ನಿಂತಿರುವವರು ನಾವು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೊದಲ ಸೆಮಿಸ್ಟರಿನಲ್ಲಿ, ಫಾರ್ಮುಲಾ ಬೋರ್ಡಿನ ಮೇಲೆ ಬರುವುದಕ್ಕೆ ಮೊದಲು, ಒಂದು ವಾರ ಕಟ್ಟಿ ಬೀಳಿಸಲು ಬಿಡಿ. ಅದಕ್ಕೆ ಅಂಕ ಇಡಬೇಡಿ, ಇಟ್ಟರೆ ಅದಕ್ಕೂ ಜೆರಾಕ್ಸ್ ನೋಟ್ಸ್ ಹುಟ್ಟಿಕೊಳ್ಳುತ್ತವೆ. ಊರಿನ ಒಬ್ಬ ಹಿರಿಯ ಗೌಂಡಿಯನ್ನು ಕರೆಸಿ, ಬೇರೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟು, ಅಷ್ಟೇ ಗೌರವದಿಂದ ಕುರ್ಚಿ ಹಾಕಿ ಕೂರಿಸಿ. ಕೈಗೆ ಮಣ್ಣಾಗುವ ಕೆಲಸ ಒಂದು ಜನಕ್ಕೆ, ಲೆಕ್ಕ ಮಾಡುವ ಕೆಲಸ ಇನ್ನೊಂದು ಜನಕ್ಕೆ ಎಂದು ಹಂಚಿಬಿಟ್ಟ ಮೇಲೆ ಇಬ್ಬರಿಗೂ ಅರ್ಧರ್ಧವೇ ತಿಳಿಯುವುದು. ತ್ರಿಕೋನದ ಲೆಕ್ಕ ಹಾಕಿ ಲಿಂಟಲಿಗೆ ಎಷ್ಟು ಕಬ್ಬಿಣ ಬೇಕೆಂದು ನಾನು ತೋರಿಸಿದಾಗ ಅಪ್ಪ ಎರಡು ಸಲ ಕೇಳಿ ತಿಳಿದುಕೊಂಡ. ಅಲ್ಲಿಯವರೆಗೆ ಅವನು ಅಂದಾಜಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹಾಕುತ್ತಿದ್ದನಂತೆ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ನನ್ನ ಎರಡನೇ ಇಂಟರ್‌ವ್ಯೂನಲ್ಲಿ ಫಾರ್ಮುಲಾ ಕೇಳಲಿಲ್ಲ. ಒಂದು ಗೋಡೆಯ ಫೋಟೊ ತೋರಿಸಿ, ಮೂಲೆಯ ಹತ್ತಿರ ಮೆಟ್ಟಿಲಿನಂತೆ ಓರೆಯಾಗಿ ಹೋಗಿದ್ದ ಬಿರುಕಿನ ಮೇಲೆ ಬೆರಳಿಟ್ಟು, ಏನಾಗಿರಬಹುದು ಎಂದರು. ಆ ಮೂಲೆಯ ಪಾಯ ಇಳಿದಿರಬಹುದು, ಹೊರಗೆ ನೀರು ನಿಲ್ಲುತ್ತದೆಯೇ ಎಂದು ನಾನು ತಿರುಗಿ ಕೇಳಿದೆ. ಕೆಲಸ ಸಿಕ್ಕಿತು. ಸಂಬಳ ಎಷ್ಟೆಂದರೆ, ಅಪ್ಪ ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ ಮಾಡಿದರೆ ಅವನದೇ ನನಗಿಂತ ಹೆಚ್ಚು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕಾಕಾನ ಅಂಗಡಿ ಶುರುವಾಗಿದೆ, ಅಪ್ಪ ಹೇಳಿದ ಬಾಜೂ ಗೋಡೆಯಲ್ಲಿ. ಲಿಂಟಲ್ ಅಪ್ಪ ಕೂರಿಸಿದ, ಅದರ ಕಬ್ಬಿಣದ ಲೆಕ್ಕ ನನ್ನದು. ಶಟರಿನ ಎಡ ಮೂಲೆಯ ಮೇಲೆ ಕೂದಲೆಳೆಯಷ್ಟು ಬಿರುಕೊಂದು ಕಾಣಿಸಿಕೊಂಡಿದೆ. ಊರಿಗೆ ಹೋದಾಗಲೆಲ್ಲ ಅದರ ತುದಿಗೆ ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆದು ತಾರೀಖು ಬರೆದು ಬರುತ್ತೇನೆ. ಮೂರು ತಾರೀಖುಗಳಾದವು, ಮೂರೂ ಒಂದೇ ಗೆರೆಯ ಪಕ್ಕದಲ್ಲಿವೆ.